ಅಂಗೈ ನೆರಳು

ವಿಜಾಪುರದ ನಮ್ಮ ಓಣಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಚಾಚಾ, ದಾರಿಯಲ್ಲಿ ನಡೆಯುತ್ತ ನಡುವೆ ನಿಂತು, ಅಂಗೈ ಎತ್ತಿ ಆಕಾಶ ಮರೆಮಾಡಿ, ಕೆಳಗೆ ನೆರಳಿನಲ್ಲಿದ್ದುದನ್ನು ದಿಟ್ಟಿಸುತ್ತಿದ್ದರು. ಸಲಾಮು ಮಾಡಿದರೆಂದು ಎದುರಿಗೆ ಬಂದವರು ತಾವೂ ಸಲಾಮು ಮಾಡುವರು. ನನಗೆ ನಗು ಬರುತ್ತಿತ್ತು.

"ಮ್ಯಾಲಿಂದು ತಾನ ಕಾಣತೈತಿ, ಕೆಳಗಿಂದು ನಾವ ನೋಡಬೇಕು" ಎಂಬುದು ಅವರ ಮಾತು.

೧೯೭೫ರ ಸುಮಾರಿಗೆ, ಹೊಸ ಕ್ಯಾಮೆರಾದಲ್ಲಿ ನಾನು ಘೋಣಸಗಿಯ ನಮ್ಮ ಹೊಲದ ಮೇಲಿನ ಸಂಜೆಯ ಮೋಡಗಳನ್ನು ತೆಗೆದಿದ್ದೆ. ಚಾಚಾ ಮಾಡಿಕೊಟ್ಟ ಮೊದಲ ಪ್ರತಿಯಲ್ಲಿ ಮೋಡ ಚೆಂದ ಬಂದಿತ್ತು, ಹೊಲ ಬರೀ ಕಪ್ಪು. ಆ ಕಪ್ಪಿನ ಮೇಲೆ ಅವರು ಬೆರಳಿಟ್ಟರು.

"ಇಲ್ಲಿ ಯಾರ ನಿಂತಾರೋ ತಮ್ಮಾ?"

"ನಮ್ಮವ್ವ ರೀ. ಮೋಡ ತೆಗಿಯೂವಾಗ ನಡುವ ಬಂದಾಳ."

ಅವರು ನನ್ನನ್ನು ಕತ್ತಲೆ ಕೋಣೆಗೆ ಕರೆದೊಯ್ದರು. ಬೆಳಕು ಬಿದ್ದಷ್ಟೂ ಫೋಟೋ ಅಚ್ಚಾಗುವ ಕಾಗದ ಕಪ್ಪಾಗುತ್ತದೆ. ಮತ್ತೊಂದು ಪ್ರತಿ ಮಾಡುವಾಗ ಅವರು ಬೆಳಕಿಗೆ ಅಂಗೈ ಅಡ್ಡ ಹಿಡಿದು, ಮೆಲ್ಲಗೆ ಆಡಿಸುತ್ತ, ಹೊಲದ ಭಾಗಕ್ಕಷ್ಟೇ ನೆರಳು ಮಾಡಿದರು. ಕಾಗದ ಅದ್ದಿದ ಔಷಧದ ತಟ್ಟೆಯಲ್ಲಿ ಮೋಡಗಳ ಕೆಳಗೆ ಸಜ್ಜೆಯ ತೆನೆಗಳು ಮೂಡಿದವು, ಆಮೇಲೆ ಅವ್ವ. ಫೋಟೋ ತನ್ನದೇ ಎಂದುಕೊಂಡು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ನೆಟ್ಟಗೆ ನಿಂತಿದ್ದಳು.

ಮರುದಿನ ಓಣಿಯಲ್ಲಿ ಚಾಚಾ ಅಂಗೈ ಎತ್ತಿದಾಗ ನಾನೂ ಸಲಾಮು ಮಾಡಿದೆ.