ಅಟ್ಟದ ಪಾತ್ರೆ ಮತ್ತು ಮೆಣಸಿನ ಬಳ್ಳಿ

ನನಗೆ ದಣಿವಾಗುವುದು ಕೆಲಸದಿಂದಲ್ಲ, ಏನು ಕೆಲಸ ಎಂದು ವಿವರಿಸುವುದರಿಂದ. ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಯಾರಾದರೂ "ಈಗ ಎಂತ ಮಾಡ್ಕೊಂಡಿದೀಯ?" ಎಂದರೆ, ಜಯಪುರದ ಬಸ್ಸು ಬೇಗ ಬರಲಪ್ಪಾ ಎಂದುಕೊಳ್ಳುತ್ತೇನೆ. ಜೀವಕೋಶದೊಳಗಿನ ಜೀನುಗಳು ಯಾವಾಗ ಕೆಲಸಕ್ಕಿಳಿಯುತ್ತವೆ, ಯಾವಾಗ ಸುಮ್ಮನಿರುತ್ತವೆ ಎಂಬುದನ್ನು ಕಂಪ್ಯೂಟರಿಗೆ ಕಲಿಸುತ್ತೇನೆ ಎಂದರೆ ಅವರು ಸ್ವಲ್ಪ ಯೋಚಿಸಿ, "ಹಾಗಾದ್ರೆ ಪರ್ಮನೆಂಟ್ ಅಲ್ಲ" ಅನ್ನುತ್ತಾರೆ. ಹೌದು, ಅಲ್ಲ.

ಕೊನೆಗೆ ಅಟ್ಟದ ಪಾತ್ರೆಗಳ ಕತೆಯೊಂದನ್ನು ಕಟ್ಟಿಕೊಂಡೆ. ಮನೆಯ ಅಟ್ಟದ ಮೇಲೆ ಕೊಪ್ಪರಿಗೆ, ಕಡಾಯಿ, ದೊಡ್ಡ ಹಂಡೆ ಎಲ್ಲ ಇರುತ್ತವೆ. ದಿನಾ ಇಳಿಯುವುದಿಲ್ಲ, ನೆಂಟರು ಬರುತ್ತಾರೆಂದರೆ ಇಳಿಯುತ್ತವೆ. ಜೀವಕೋಶದ್ದೂ ಅದೇ ಸಂಸಾರ. ಜೀನುಗಳೆಲ್ಲ ಅಲ್ಲೇ ಇರುತ್ತವೆ, ಯಾವುದನ್ನು ಯಾವಾಗ ಇಳಿಸುವುದು ಎಂಬುದೇ ಗುಟ್ಟು. ಆ ಗುಟ್ಟನ್ನು ಕಂಪ್ಯೂಟರು ಉದಾಹರಣೆಗಳನ್ನು ನೋಡಿ ನೋಡಿ ತಾನೇ ಕಲಿಯಬೇಕು. ಕಲಿಯುತ್ತದೆ ಕೂಡ. ಏನನ್ನು ಕಲಿಯುತ್ತದೆ ಎಂಬುದು ಬೇರೆ ಮಾತು.

ಈ ಸಂಶೋಧನೆಯಲ್ಲಿ ನನ್ನ ಪಾಲಿಗೆ ಬಂದದ್ದು ಕಾಳುಮೆಣಸು. ಸೊರಗು ರೋಗ ತಗುಲಿದರೆ ಚೆನ್ನಾಗಿದ್ದ ಬಳ್ಳಿ ನೋಡನೋಡುತ್ತಲೇ ಜೋತುಬೀಳುತ್ತದೆ. ಎಲ್ಲೋ ಒಂದೊಂದು ಮಾತ್ರ ಜಗ್ಗುವುದಿಲ್ಲ. ಅದೇಕೆಂದು ತಿಳಿಯಲು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸುತ್ತಿ, ಸೊರಗಿದ ಬಳ್ಳಿಗಳದ್ದೂ ಗಟ್ಟಿ ಬಳ್ಳಿಗಳದ್ದೂ ಎಲೆ ತಂದೆ. ಭಂಡಿಗಡಿಯಲ್ಲಿ ಅಪ್ಪನ ಸ್ನೇಹಿತ ಸುಬ್ರಾಯರ ಗುಡ್ಡದಲ್ಲಿ ಎಲ್ಲ ಸತ್ತು ಒಂದೇ ಬಳ್ಳಿ ಉಳಿದಿತ್ತು. ಅದರಲ್ಲಿ ರೋಗ ತಡೆಯುವ ಜೀನುಗಳೆಲ್ಲ ಎಚ್ಚರವಾಗಿವೆ ಎಂದಿತು ಕಂಪ್ಯೂಟರು. ಬಾಯಿ ಸುಮ್ಮನಿರಬೇಕಲ್ಲ, ಅವರಿಗೆ ಹೇಳಿಬಿಟ್ಟೆ. ಅವರು ಅದರ ಕುಡಿ ಕತ್ತರಿಸಿ, ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ನೆಟ್ಟು, ಇಡೀ ಗುಡ್ಡಕ್ಕೆ ಅದನ್ನೇ ಹಬ್ಬಿಸಲು ಹೊರಟರು.

ಇನ್ನೊಮ್ಮೆ ಎಲೆ ಬೇಕೆಂದು ಫೋನ್ ಮಾಡಿದಾಗ ಸುಬ್ರಾಯರು ಹೇಳಿದರು: "ಬಾ ಮಾರಾಯ್ತಿ. ಯಾವತ್ತು ಅಂತ ಹೇಳು, ಹೋದ ಸಲದ ಹಾಗೆ ಹಿಂದಿನ ದಿನವೇ ಬೋರ್ಡೋ ಹೊಡೆಸಿಡ್ತೀನಿ. ನಾಲ್ಕು ಜನ ನೋಡೋ ಬಳ್ಳಿ, ಚಂದ ಇರ್ಬೇಕಲ್ಲ."

ಬೋರ್ಡೋ ಎಂದರೆ ಮೈಲುತುತ್ತ, ಸುಣ್ಣ ಕಲಸಿದ ಔಷಧಿ. ಎಲೆ ಕೊಟ್ಟಿದ್ದ ಒಂದೊಂದೇ ಮನೆಗೆ ಫೋನ್ ಮಾಡಿ ಕೇಳಿದೆ. ಒಳ್ಳೆ ಬಳ್ಳಿ ಇದ್ದವರೆಲ್ಲ ನಾನು ಬರುತ್ತೇನೆಂದು ಹೊಡೆಸಿದ್ದರು. ಬಳ್ಳಿ ಸೊರಗಿದವರು ಇನ್ನೇನು ಚಂದ ಎಂದು ಬಿಟ್ಟಿದ್ದರು. ಜೀನುಗಳನ್ನು ಎಬ್ಬಿಸಿದ್ದು ಆ ತುತ್ತ. ನನ್ನ ಕಂಪ್ಯೂಟರು ಇಷ್ಟು ವರ್ಷ ಬೆವರು ಸುರಿಸಿ ಕಲಿತದ್ದು ಗಟ್ಟಿ ಬಳ್ಳಿ ಯಾವುದೆಂದಲ್ಲ, ನೆಂಟರಿಗಾಗಿ ಯಾರ ಮನೆಯ ಅಟ್ಟದಿಂದ ಪಾತ್ರೆ ಇಳಿದಿದೆ ಎಂದು. ಅಳು ಬರಬೇಕಿತ್ತು. ನಿದ್ದೆ ಬಂತು.

ಫೋನಿನಲ್ಲಿ ಹೇಳುವ ಸುದ್ದಿಯಲ್ಲ, ಭಂಡಿಗಡಿಗೇ ಹೋದೆ. ನೆರಳಿನಲ್ಲಿ ತೊಟ್ಟೆಗಳು ಸಾಲುಸಾಲಾಗಿ ಕೂತಿದ್ದವು, ಎಲ್ಲದರಲ್ಲೂ ಎಳೆ ಚಿಗುರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಸುಬ್ರಾಯರು ಕೇಳಿದರು: "ಹಾಗಾದ್ರೆ ನಾ ಔಷಧಿ ಹೊಡೆಸಿದ್ದೇ ತಪ್ಪಾಯ್ತಾ?"

"ಇಲ್ಲ, ನಾನು ಮೊದಲೇ ಹೇಳಿ ಬಂದದ್ದು ತಪ್ಪು."

"ಬಳ್ಳಿ ಗಟ್ಟಿಯೋ ಅಲ್ವೋ, ಅದನ್ನ ಹೇಳು."

"ಗೊತ್ತಿಲ್ಲ. ಔಷಧಿ ಇಲ್ಲದೆ ಒಂದು ಮಳೆಗಾಲ ಕಳೆಯಬೇಕು."

ಇಷ್ಟು ಓದಿ "ಗೊತ್ತಿಲ್ಲ" ಅನ್ನುವುದಕ್ಕೆ ಬಸ್ ಚಾರ್ಜು ಕೊಟ್ಟು ಬಂದವಳನ್ನು ಅವರು ಬಯ್ಯಬಹುದಿತ್ತು. ಖಾಲಿ ಗುಡ್ಡದ ಕಡೆ ಒಮ್ಮೆ ನೋಡಿದರು. ಇನ್ನೊಂದು ವರ್ಷ ಅದು ಹಾಗೇ ಇರಬೇಕು. ಆಮೇಲೆ ಬಗ್ಗಿ ಒಂದು ಸಾಲು ತೊಟ್ಟೆಗಳನ್ನು ಬೇರೆಯಾಗಿ ಎಳೆದಿಟ್ಟರು.

"ಇವಕ್ಕೆ ಔಷಧಿ ಇಲ್ಲ. ಸತ್ರೆ ಸಾಯ್ಲಿ, ಉಳಿದ್ರೆ ನೆಡ್ತೀನಿ. ನೀನು ಇನ್ಮೇಲೆ ಹೇಳದೇ ಬಾ." ಮನೆಯ ಕಡೆ ನಡೆಯುತ್ತ ತಿರುಗಿ ಹೇಳಿದರು, "ಆದ್ರೆ ಊಟದ ಹೊತ್ತಿಗೇ ಬಾ. ಬಳ್ಳಿಗೆ ಗೊತ್ತಾಗದ ಹಾಗೆ ಪಾಯಸ ಮಾಡಿಸ್ತೀನಿ."