ಎಣಿಸದೆ ಬರೆದ ನಾಡಿ

ತೆಳ್ಳಗಿದ್ದುದರಿಂದ ಎಲ್ಲರೂ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ನರ್ಸಿಂಗ್ ಎರಡನೇ ವರ್ಷ. ಕೆಲಸದಲ್ಲಿ ಚುರುಕು; ಒಂದು ಸುಕ್ಕೂ ಇಲ್ಲದಂತೆ ರೋಗಿಯ ಹಾಸಿಗೆ ಹಾಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಮೊದಲ ಸಲ ಸಮವಸ್ತ್ರ ತೊಟ್ಟು ಹಾಕಿದ ಫೋಟೊಗೆ ಇನ್ನೂರಕ್ಕೂ ಹೆಚ್ಚು ಲೈಕ್ ಬಂದವು. ಅದೇ ಎಡವಟ್ಟಾಯಿತು. ಮುಂದಿನದಕ್ಕೆ ಬಂದದ್ದು ಹತ್ತೊಂಬತ್ತು.

"ನನ್ನ ಮುಖ ಊದಿದೆಯೇನೇ?" ಎಂದು ರೂಮಿನ ಗೆಳತಿಯನ್ನು ಕೇಳಿದಳು.

"ಕಡ್ಡಿ ಊದೋಕೆ ಜಾಗ ಎಲ್ಲಿದೆ?" ಎಂದು ಅವಳು ನಕ್ಕಳು. ಕಡ್ಡಿಗೆ ನಗು ಬರಲಿಲ್ಲ. ಅಂದಿನಿಂದ ಫೋಟೊ ಹಾಕುವುದು, ಐದು ನಿಮಿಷ ಕಾಯುವುದು, ಅಳಿಸುವುದು, ಮತ್ತೆ ಹಾಕುವುದು. ಸಹಪಾಠಿಗಳ ನಗುಮುಖಗಳನ್ನು ನೋಡಿದಷ್ಟೂ ತಾನು ಯಾವ ಲೆಕ್ಕಕ್ಕೂ ಇಲ್ಲ ಅನ್ನಿಸುತ್ತಿತ್ತು. ತಟ್ಟೆಯ ಮುಂದೆ ಕೂತರೂ ತುತ್ತು ಇಳಿಯದು, ಮಲಗಿದರೂ ನಿದ್ದೆ ಬಾರದು.

ಒಂದು ಬೆಳಿಗ್ಗೆ ವಾರ್ಡಿನಲ್ಲಿ, ಏಳನೇ ಹಾಸಿಗೆಯ ಅಜ್ಜಿಯ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದಳು. ಜೇಬಿನಲ್ಲಿ ಫೋನ್ ಗುರ್ ಎಂದಿತು. ಡ್ಯೂಟಿಗೆ ಬರುವ ಮುಂಚೆ ಹಾಕಿದ ಫೋಟೊ! ಯಾರು ಏನು ಬರೆದರೋ? ಎಣಿಕೆ ತಪ್ಪಿತು. ಮತ್ತೆ ಎಣಿಸುವಷ್ಟು ತಾಳ್ಮೆ ಇರಲಿಲ್ಲ. ನಿನ್ನೆಯ ಎಪ್ಪತ್ತೆರಡನ್ನೇ ಬರೆದು ಶೌಚಾಲಯದತ್ತ ಓಡಿದಳು.

ಯಾರೋ ಬರೀ ಒಂದು ನಗುವ ಮುಖ ಹಾಕಿದ್ದರು. ಮೆಚ್ಚುಗೆಯೋ, ಗೇಲಿಯೋ? ಅದನ್ನೇ ಮೆಲುಕು ಹಾಕುತ್ತ ಹಿಂತಿರುಗಿದರೆ ಏಳನೇ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು. ಒಳಗಿಂದ ಡಾಕ್ಟರ ಅವಸರದ ದನಿ. ಪುಣ್ಯಕ್ಕೆ ಹಿರಿಯ ಸಿಸ್ಟರ್ ಆ ದಾರಿಯಲ್ಲಿ ಹೋಗುವಾಗ ಅಜ್ಜಿಯ ಕೈ ಮುಟ್ಟಿ ನೋಡಿದ್ದರು. ನಾಡಿ ನೂರ ಮೂವತ್ತು ದಾಟಿ, ತಾಳ ತಪ್ಪಿ ಓಡುತ್ತಿತ್ತು.

ಚಾರ್ಟಿನಲ್ಲಿ ಕಡ್ಡಿ ಬರೆದ ಎಪ್ಪತ್ತೆರಡು ಹಾಗೇ ಇತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾಡಿ ಆಮೇಲೆ ಏರಿತು ಎಂದುಕೊಳ್ಳುತ್ತಿದ್ದರು. ಮಧ್ಯಾಹ್ನದವರೆಗೆ ಮಡಿಲಲ್ಲಿ ಕೆಂಡ ಕಟ್ಟಿಕೊಂಡವಳಂತೆ ತಿರುಗಿದಳು. ಅಜ್ಜಿ ಚೇತರಿಸಿಕೊಂಡು ನೀರು ಕೇಳಿದ್ದನ್ನು ಕಂಡ ಮೇಲೆ ಹಿರಿಯ ಸಿಸ್ಟರ್ ಎದುರು ಹೋಗಿ ನಿಂತಳು.

"ಸಿಸ್ಟರ್, ಅಜ್ಜಿಯ ನಾಡಿ ನಾನು ಪೂರ್ತಿ ಎಣಿಸಲೇ ಇಲ್ಲ. ಸುಮ್ನೆ ಬರೆದೆ."

"ಯಾಕೆ?"

"ಫೋನ್ ನೋಡ್ಬೇಕು ಅನ್ನಿಸ್ತು."

ಸಿಸ್ಟರ್ ಕೈಯಲ್ಲಿದ್ದ ಫೈಲ್ ಮುಚ್ಚಿದರು. "ಆ ಜೀವ ಹೋಗಿದ್ರೆ ಅವರ ಮಕ್ಕಳಿಗೆ ಏನಂತ ಹೇಳ್ತಿದ್ದೆ?"

ಕಡ್ಡಿ ಗಳಗಳನೆ ಅತ್ತಳು. "ಬಿಡೋಕೇ ಆಗ್ತಿಲ್ಲ ಸಿಸ್ಟರ್. ನೋಡಿದ್ರೂ ಸಂಕಟ, ನೋಡದಿದ್ರೂ ಸಂಕಟ."

ಕಾಲೇಜಿಗೆ ವರದಿ ಹೋಯಿತು. ಎರಡು ವಾರ ಅವಳನ್ನು ವಾರ್ಡಿನಿಂದ ಹೊರಗಿಟ್ಟರು. ಆದರೆ ವರದಿ ಬರೆದ ಸಿಸ್ಟರೇ ಅವಳನ್ನು ಕಾಲೇಜಿನ ಆಪ್ತ ಸಮಾಲೋಚಕಿಯ ಬಳಿ ಕರೆದೊಯ್ದು ಕೂರಿಸಿದರು. ಮರಳಿ ಬಂದ ಮೇಲೆ ಡ್ಯೂಟಿ ಮುಗಿಯುವವರೆಗೂ ಫೋನ್ ಸಿಸ್ಟರ ಬೀರುವಿನಲ್ಲಿ. ಮೊದಮೊದಲು ಖಾಲಿ ಜೇಬು ನಡುಗಿದಂತಾಗಿ ಬೆಚ್ಚಿಬೀಳುತ್ತಿದ್ದಳು. ಎರಡು ಸಲ ಆ್ಯಪ್ ಅಳಿಸಿ ಎರಡು ಸಲವೂ ಮತ್ತೆ ಹಾಕಿಕೊಂಡಳು. ಮೂರನೆಯ ಸಲ ಅಳಿಸಿದ್ದು ಇನ್ನೂ ಹಾಗೇ ಇದೆ.

ಈಗ ಅವಳದು ಕೊನೆಯ ವರ್ಷ. ಮೊನ್ನೆ ಅವಳ ಅಕ್ಕ ನೋಡಲು ಬಂದವಳು, "ಈಗ ಹೇಗಿದೀಯೇ?" ಎಂದು ಕೇಳಿದಳು.

"ಯಾರು ಏನಂತಾರೋ ಅನ್ನೋ ಹೆದರಿಕೆ ಪೂರ್ತಿ ಹೋಗಿಲ್ಲ ಕಣಕ್ಕಾ," ಎಂದಳು ಕಡ್ಡಿ. "ಆದ್ರೆ ನಿದ್ದೆ ಬರ್ತಿದೆ."