ತಪ್ಪು ಓದಿದ ಪಾಳಿ

ಬಸ್ಸಿನ ಕಿಟಕಿಯಿಂದ ತೊಗರಿ ಹೊಟ್ಟಿನ ವಾಸನೆ ಬಂತು, ಅದರ ಹಿಂದೆಯೇ ಸೀನು ಬಂತು. ಒಂದಲ್ಲ, ನಾಲ್ಕು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು ಅತ್ತ ಸರಿದಳು. ನಾನು ಅತನೂರಿಗೆ ಹೊರಟಿದ್ದೆ. ರಸ್ತೆಯ ಎರಡೂ ಬದಿಗೆ ತೊಗರಿ ಒಕ್ಕುವ ರಾಶಿ ನಡೆದಿತ್ತು. ಮಷಿನ್ನಿನ ಬಾಯಿಂದ ಹೊಟ್ಟು ಹಾರಿ ಕರಿ ಮಣ್ಣಿನ ಮೇಲೆ ಬೀಳುತ್ತಿತ್ತು. ಈ ವಾಸನೆಗೆ ಉಳಿದವರಿಗೆ ಸುಗ್ಗಿ ನೆನಪಾಗುತ್ತದೆ. ನನಗೆ ಮಾತ್ರ ಗೊಬ್ಬೂರಿನಲ್ಲಿ ಊರ ಮುಂದೆ ನಾನು ದಡ್ಡಿಯಾದ ದಿನ ನೆನಪಾಗುತ್ತದೆ. ನಗಬೇಡಿ, ಇವತ್ತು ನಾನು ತಿನ್ನುವ ರೊಟ್ಟಿ ಆ ದಡ್ಡತನದ್ದು.

ನನ್ನ ಕೆಲಸದ ಹೆಸರು ಬಿಸಿನೆಸ್ ಅನಾಲಿಸ್ಟ್. ಹಾಗೆಂದರೆ ನಮ್ಮ ಆಳಂದದಲ್ಲಿ "ಯಾವ ಬಿಸಿನೆಸ್ರಿ?" ಎಂದು ಕೇಳುತ್ತಾರೆ. ನಾನು ಯಾವುದನ್ನೂ ಮಾಡುವುದಿಲ್ಲ. ಕೆಲಸ ಮಾಡುವವರನ್ನು ಕಂಡು, ಕಂಪ್ಯೂಟರಿನಿಂದ ಅವರಿಗೆ ಏನಾಗಬೇಕು ಎಂದು ಕೇಳಿ ಬರೆದು, ಆ ಕಾಗದವನ್ನು ಆ್ಯಪ್ ಮಾಡುವವರ ಕೈಗೆ ಕೊಡುತ್ತೇನೆ. ಇಷ್ಟನ್ನೂ ಬಿಡಿಸಿ ಹೇಳಿದಾಗ ನನ್ನ ನಾದಿನಿ ಒಂದೇ ಮಾತಿನಲ್ಲಿ ಮುಗಿಸಿದ್ದಳು: "ಅಂದ್ರ ಇವರ ಮಾತು ಅವರಿಗಿ, ಅವರ ಮಾತು ಇವರಿಗಿ ಹಚ್ಚೋದು ಅನ್ರಿ ವೈನಿ." ಈ ವ್ಯಾಖ್ಯೆಯನ್ನು ಯಾವ ಪಠ್ಯದಲ್ಲೂ ನಾನು ಕಂಡಿಲ್ಲ, ಆದರೆ ತಪ್ಪೆನ್ನಲೂ ಆಗದು.

ನಲವತ್ತರ ಹೊಸ್ತಿಲಲ್ಲಿ ಖಾಸಗಿ ಶಾಲೆಯ ಟೀಚರ್ ಕೆಲಸ ಬಿಟ್ಟು, ಜೇವರ್ಗಿಯ ಅಕ್ಕನ ಮನೆಯಲ್ಲಿ ಉಳಿದು ಮೂರು ತಿಂಗಳು ಈ ತರಬೇತಿ ಪಡೆದೆ. ಕಲಿಸುವ ಸರ್ ನನಗಿಂತ ಹದಿನೈದು ವರ್ಷ ಚಿಕ್ಕವರು. ಕೇಳಿ, ಬರೆಯಿರಿ, ಓದಿ ಹೇಳಿ, ಸಹಿ ಹಾಕಿಸಿ ಎಂಬುದು ಅವರ ಮಂತ್ರ. ಅದರ ಮೇಲೊಂದು ಎಚ್ಚರಿಕೆ: "ಗಿರಾಕಿ ಮುಂದ ತಪ್ಪು ಮಾತ್ರ ಓದಬ್ಯಾಡ್ರಿ. ಒಮ್ಮಿ ತಪ್ಪಿದ್ರ ನಿಮ್ಮ ಮ್ಯಾಲಿನ ನಂಬಿಕಿ ಹೋತು." ನಾನು ಅದರ ಕೆಳಗೆ ಎರಡು ಗೆರೆ ಎಳೆದುಕೊಂಡೆ. ತರಗತಿಗೆ ನಾನೇ ಮೊದಲು, ಹೇಳಿಕೊಳ್ಳಬಾರದು, ಹೇಳಿಬಿಟ್ಟೆ.

ಮೊದಲ ಕೆಲಸ ಗೊಬ್ಬೂರಿನದು. ಅಲ್ಲಿನ ರೈತರ ಸೊಸೈಟಿಗೆ ತೊಗರಿ ರಾಶಿ ಮಾಡುವ ಒಂದು ಮಷಿನ್ ಇತ್ತು. ಯಾರ ಹೊಲಕ್ಕೆ ಯಾವಾಗ ಎಂಬ ಪಾಳಿ ಬಾಯಿಮಾತಿನಲ್ಲಿ ನಡೆಯುತ್ತಿತ್ತು. ಇನ್ನು ಮುಂದೆ ಅದನ್ನು ಫೋನಿನ ಆ್ಯಪಿನಲ್ಲಿ ಹಚ್ಚಬೇಕು. ನಾನು ವಾರದೊಳಗೆ ಅವರ ಬೇಡಿಕೆ ಬರೆದು, ಅಧ್ಯಕ್ಷರಾದ ಗೌಡರ ಸಹಿ ತರಬೇಕು. "ಸಹಿ ಬಂದ್ರ ನೌಕರಿ ಪಕ್ಕಾ. ಇಲ್ಲಂದ್ರ ನೋಡೂಣ" ಎಂದರು ಕಂಪನಿಯವರು. ನೋಡೋಣ ಎಂದರೆ ಏನೆಂದು ನಿಮಗೂ ಗೊತ್ತು. ಇತ್ತ ಶಾಲೆಯಲ್ಲಿ ನನ್ನ ಕುರ್ಚಿಗೆ ಆಗಲೇ ಬೇರೆಯವರು ಬಂದಿದ್ದರು.

ಮೂರು ದಿನ ಮನೆಮನೆ ತಿರುಗಿದೆ.

"ಫೋನಿನಾಗ ಪಾಳಿ ಹಚ್ಚಿದ್ರ ಅನುಕೂಲ ಆಗ್ತದೇನ್ರಿ?"

"ಆಗ್ತದ್ರಿ."

"ಮೊದಲ ಹೆಸರು ಬರಸಿದವರಿಗಿ ಮೊದಲ ಪಾಳಿ. ಸಮ ಅದಲ್ರಿ?"

"ಹೌದ್ರಿ."

"ಈಗ ಏನರೆ ತ್ರಾಸ ಅದೇನ್ರಿ?"

"ಏನೂ ಇಲ್ರಿ. ಚಾ ತಗೋರಿ."

ಎಷ್ಟು ಕಪ್ ಚಹಾ ಕುಡಿದೆನೋ ಲೆಕ್ಕವಿಲ್ಲ. ವಹಿಯ ತುಂಬ ಹೌದು, ಹೌದು, ಹೌದು. ಇಷ್ಟು ಸಲೀಸಾದ ಕೆಲಸಕ್ಕೆ ಮೂರು ತಿಂಗಳ ತರಬೇತಿ ಏಕೆ ಎಂದು ಬೀಗಿದೆ.

ಬೀಗುವ ಮೊದಲು ಖಜೂರಿಯ ನನ್ನ ತವರನ್ನು ನೆನೆಯಬೇಕಿತ್ತು. ಗಡಿಯ ಊರು, ದಿನವೂ ಲಾರಿ, ದಿನವೂ ಬಂದುಹೋಗುವವರು. ಬಂದವರನ್ನು "ಊಟ ಆತೇನ್ರಿ?" ಎಂದು ಕೇಳಿ ನೋಡಿ, ಹೊಟ್ಟೆ ಬೆನ್ನಿಗೆ ಹತ್ತಿದ್ದರೂ "ಆತ್ರಿ" ಎನ್ನುತ್ತಾರೆ. ಕೇಳಿದವರಿಗೆ ಭಾರವಾಗಬಾರದು ಎಂಬ ಮರ್ಯಾದೆ. ನನ್ನ ಅವ್ವ ಆ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ತಾಟು ಇಟ್ಟು ರೊಟ್ಟಿ ಹಾಕಿಬಿಡುತ್ತಿದ್ದಳು. ಅವಳು ಯಾವ ತರಬೇತಿಗೂ ಹೋದವಳಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಸೊಸೈಟಿಯ ಪಡಸಾಲೆಯಲ್ಲಿ ಎಲ್ಲರೂ ಕೂಡಿದರು. ಗೌಡರು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ನಾನು ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಆ್ಯಪಿನಲ್ಲಿ ಪಾಳಿ ಹೇಗೆ ಕಾಣುತ್ತದೆ ಎಂದು ತೋರಿಸಲು, ನನಗೆ ಹೆಸರು ಹೇಳಿದವರ ಪಟ್ಟಿಯನ್ನೇ ಓದಿದೆ: "ಮೊದಲ ಪಾಳಿ, ನಾಗಮ್ಮ ಆಯಿ."

ನಾಗಮ್ಮ ಆಯಿ ಕಂಬಕ್ಕೆ ಒರಗಿ ಕೂತಿದ್ದ ಮುದುಕಿ. ಎರಡೆಕರೆ ಹೊಲದ ಒಡತಿ. ಎಲ್ಲರಿಗಿಂತ ಮೊದಲು ಹೆಸರು ಬರೆಸಿದ್ದು ಬಿಟ್ಟರೆ, ಮೂರು ದಿನವೂ "ಹೂಂ" ಬಿಟ್ಟು ಬೇರೆ ಮಾತಾಡಿರಲಿಲ್ಲ. ಈಗ ನೆಲಕ್ಕೆ ಕೈಯೂರಿ ಎದ್ದು ನಿಂತಳು.

"ಏ ಯವ್ವಾ, ಏನ್ ಓದಾಕತ್ತಿ? ನನ್ನ ಹೊಲಕ್ಕ ಮಷಿನ್ ಹಾರಕೋತ ಬರ್ತದೇನು? ನನ್ನ ಮುಂದ ಮೂರು ಮಂದೀದು ತೊಗರಿ ನಿಂತದ. ಅವರ ಹೊಲ ಖಾಲಿ ಆಗೋ ತನಕ ಟ್ರ್ಯಾಕ್ಟರಿಗಿ ಹಾದಿ ಎಲ್ಲದ ಬೇ?"

ಗೌಡರು ಪೆನ್ನಿನ ಮುಚ್ಚಳ ಹಾಕಿದರು. ನಾನು ಬರೆದಂತೆ ಆ್ಯಪ್ ಆಗಿದ್ದರೆ ಆಯಿಯ ಪಾಳಿ ಬರುತ್ತಿತ್ತು, ಮಷಿನ್ ಹೊಲ ಮುಟ್ಟುತ್ತಿರಲಿಲ್ಲ, ಪಾಳಿ ತಪ್ಪಿತೆಂದು ಅವಳ ಹೆಸರು ಪಟ್ಟಿಯ ಕೊನೆಗೆ ಬೀಳುತ್ತಿತ್ತು. ನೌಕರಿ ಹೋಯಿತು ಅಂದುಕೊಂಡೆ. ಕಣ್ಣಲ್ಲಿ ನೀರು ಬಂದದ್ದು ಖರೆ, ಮುಚ್ಚಿಡುವುದೇಕೆ.

ಆದರೆ ಆಗಲೇ ಪಡಸಾಲೆಯಲ್ಲಿ ಗದ್ದಲ ಎದ್ದಿತ್ತು. ಆಯಿಯ ಹಿಂದೆ ಯಾರು, ಮುಂದೆ ಯಾರು ಎಂದು ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರು. ಆ ಸದ್ದು ನನಗೆ ಗೊತ್ತು. ಇಡೀ ತರಗತಿಗೆ ಉತ್ತರ ಬಂದಾಗ ಏಳುವ ಸದ್ದು ಅದು. ನನ್ನೊಳಗಿನ ಟೀಚರ್ ಎಚ್ಚರಾದಳು. ಎರಡನೆಯ ತಪ್ಪನ್ನು ಬೇಕೆಂದೇ ಮಾಡಿದೆ.

"ಹಂಗಾದ್ರ ಹಳ್ಳದ ದಂಡಿ ಹೊಲ ಎಲ್ಲಾರಕಿಂತ ಕಡೀಕ ಇಡೂಣೇನ್ರಿ?"

"ಕಡೀಕ? ಅದು ಮೊದಲ ಆಗಬೇಕ್ರೀ! ಹಾದಿ ಸುರು ಆಗೋದೇ ಅಲ್ಲಿಂದ!"

"ಸೋಮವಾರ ಹೆಚ್ಚು ಪಾಳಿ ಇಡ್ತೇನಿ."

"ಸೋಮವಾರ ಎತ್ತು ಹೂಡಂಗಿಲ್ರಿ. ಚೀಲ ತರಾಕ ಬಂಡಿ ಯಾರು ಕೊಡ್ತಾರ?"

"ಎಳ್ಳಮಾಸಿ ದಿನ?"

"ಅವತ್ತು ಹೊಲದಾಗ ಪೂಜಿ ಮಾಡಿ ಉಣ್ಣೋ ಹಬ್ಬರಿ. ಮಷಿನ್ ಬಂದ್ರ ಡ್ರೈವರಗ ಊಟಕ್ಕ ಕೂಡಸ್ತೀವಿ, ರಾಶಿ ಮಾಡಸಂಗಿಲ್ಲ!"

ಯಾರೋ ತೊಗರಿ ಕಟ್ಟಿಗೆಯಿಂದ ಅಂಗಳದ ಧೂಳಿನಲ್ಲಿ ಬದುಗಳನ್ನು ಗೀಚಿದರು, ಇನ್ನಿಬ್ಬರು ಅಳಿಸಿ ತಿದ್ದಿದರು. ಮೂರು ದಿನದಲ್ಲಿ ಸಿಗದದ್ದು ಒಂದು ತಾಸಿನಲ್ಲಿ ಸಿಕ್ಕಿತು. ನನ್ನ ಕೈ ಬರೆದು ಬರೆದು ಸೋತಿತು.

ಗದ್ದಲ ಇಳಿದ ಮೇಲೆ ಆಯಿಯ ಪಕ್ಕ ಕೂತು ಕೇಳಿದೆ, "ಆಯಿ, ಇದೆಲ್ಲಾ ಮೊದಲೇ ಯಾಕ ಹೇಳಲಿಲ್ಲ?"

"ನೀ ಕಲತಾಕಿ, ಮನೀಗಿ ಬಂದಾಕಿ. ನೀ ಕೇಳಿದ್ದಕ್ಕ ಇಲ್ಲ ಅನ್ನೋದು ಹ್ಯಾಂಗ? ತಪ್ಪು ಓದಿದ ಮ್ಯಾಲ ಸುಮ್ಮ ಕೂಡೋದು ಹ್ಯಾಂಗ?"

ಮರುದಿನ ಹೊಸ ಕಾಗದ ಓದಿದೆ. ಪಾಳಿ ಹೆಸರಿನ ಮೇಲಲ್ಲ, ಬದುವಿನ ಮೇಲೆ. ಗೌಡರು ಸಹಿ ಮಾಡಿದರು. ಯಾರೂ ಕೇಳದಿದ್ದರೂ ನಾಗಮ್ಮ ಆಯಿ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದಳು. ಆ ಸುಗ್ಗಿಯಲ್ಲಿ ಮಷಿನ್ ಹಳ್ಳದ ದಂಡೆಯಿಂದ ಒಳಹೊಕ್ಕು, ಹೊಲದಿಂದ ಹೊಲಕ್ಕೆ ಸಾಗಿ, ಒಮ್ಮೆಯೂ ಹಿಂದೆ ಹೊರಳದೆ ಆಯಿಯ ಹೊಲಕ್ಕೆ ಬಂತು. ಅವಳ ತೊಗರಿ ಚೀಲಕ್ಕೆ ಸುರಿಯುವುದನ್ನು ನಾನು ಪಕ್ಕದಲ್ಲೇ ನಿಂತು, ಸೀನುತ್ತಾ, ನೋಡಿದೆ. ನಾನು ಗೆದ್ದಿದ್ದೆ. ಇದಕ್ಕಿಂತ ಸಣ್ಣ ಮಾತಿನಲ್ಲಿ ಹೇಳಲು ನನಗೆ ಮನಸ್ಸಿಲ್ಲ.

ಅಲ್ಲಿಂದಲೇ ಜೇವರ್ಗಿಯ ಸರ್‌ಗೆ ಫೋನ್ ಮಾಡಿದೆ. "ಸರ್, ನಾ ಗಿರಾಕಿ ಮುಂದ ತಪ್ಪು ಓದಿದೆ." "ಸಹಿ?" ಎಂದರು. "ಆತ್ರಿ" ಎಂದೆ. "ಹಂಗಾದ್ರ ಮುಂದಿನ ಬ್ಯಾಚಿಗಿ ನೀವೇ ಬಂದು ಹೇಳ್ರಿ." ಆಮೇಲೆ ಹೇಳುತ್ತಲೇ ಇದ್ದೇನೆ. ಊರಿಂದೂರಿಗೆ ತಪ್ಪು ಓದುತ್ತಲೂ ಇದ್ದೇನೆ. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಸೊಕ್ಕೂ ಸ್ವಲ್ಪ ಬಂದಿತ್ತು.

ಇವತ್ತು ಅತನೂರಿನಲ್ಲಿ ಬಸ್ಸಿಳಿದೆ. ಇಲ್ಲೂ ರಾಶಿ ಮಷಿನ್ನಿನದೇ ಪಾಳಿ. ಎರಡು ದಿನ ಕೂತು ಹೊಸೆದ ತಪ್ಪುಗಳು ಚೀಲದಲ್ಲಿದ್ದವು. ಜನ ಕೂಡಿದರು. ಮೊದಲ ತಪ್ಪು ಓದಿದೆ. "ಹೌದ್ರಿ" ಎಂದರು. ಇನ್ನೂ ದೊಡ್ಡ ತಪ್ಪು ಓದಿದೆ. "ಹೌದ್ರಿ, ಹೌದ್ರಿ." ಊರ ಹೊರಗಿನ ಕೆರೆಯಲ್ಲೇ ಮಷಿನ್ ಇಳಿಸುವುದೆಂದು ಓದಿದೆ, ಅದಕ್ಕೂ ತಲೆಯಾಡಿಸಿದರು. ಚೀಲದಲ್ಲಿ ಇನ್ನು ತಪ್ಪು ಉಳಿದಿರಲಿಲ್ಲ.

ಮುಂದೆ ಕೂತಿದ್ದ ಹೆಂಗಸೊಬ್ಬಳು ನಗು ತಡೆಯಲಾರದೆ ಎದ್ದಳು. ನಾಗಮ್ಮ ಆಯಿಯ ಮಗಳಂತೆ, ಈ ಊರಿಗೆ ಕೊಟ್ಟದ್ದಂತೆ.

"ಸಾಕ್ ಮಾಡ್ರಿ ಮೇಡಂ. ನೀವು ಬೇಕಂತ ತಪ್ಪು ಓದ್ತೀರಂತ ಅವ್ವ ಹೇಳ್ಯಾಳ. ನಾವು ನಾಕ ದಿನ ಕುಂತು ಖರೇದು ಬರದೀವಿ, ತಗೋರಿ."

ಒಂದು ವಹಿ ಕೊಟ್ಟಳು. ಬದುವಿನಿಂದ ಬದುವಿಗೆ ಹೊಲಗಳು, ಸೋಮವಾರದ ಬಿಡುವು, ಎಳ್ಳಮಾಸಿ, ಎಲ್ಲವೂ ಇತ್ತು. ನನಗೆ ಎಂದೂ ಹೊಳೆಯದ್ದೂ ಇತ್ತು: ಬಾಣಂತಿ ಇರುವ ಮನೆಯ ಹತ್ತಿರದ ಹೊಲಕ್ಕೆ ಗಾಳಿ ಇಲ್ಲದ ಬೆಳಗಿನ ಪಾಳಿಯನ್ನೇ ಕೊಡಬೇಕು, ಕೂಸಿನ ಮೂಗಿಗೆ ಹೊಟ್ಟು ಹೋಗಬಾರದು. ಕೆಳಗೆ ಸಾಲಾಗಿ ಎಲ್ಲರ ಸಹಿ, ಹೆಬ್ಬೆಟ್ಟು. ಕೊನೆಗೆ ಒಂದು ಜಾಗ ಖಾಲಿ.

"ಇದು ನಿಮ್ಮದ್ರಿ. ಓದ್ರಿ, ಸಮ ಅನಿಸಿದ್ರ ಸಹಿ ಮಾಡ್ರಿ."

ಊರೆಲ್ಲ ನನ್ನನ್ನೇ ನೋಡುತ್ತಿತ್ತು. ಒಂದು ತಪ್ಪಾದರೂ ಸಿಕ್ಕೀತೆಂದು ಎರಡು ಸಲ ಓದಿದೆ. ಸಿಗಲಿಲ್ಲ. ಸಹಿ ಮಾಡಿದೆ.